ವೆಂಕಟಸುಬ್ಬಯ್ಯನವರ ನಗೆ ಪ್ಯಾಂಟು

ವೆಂಕಟಸುಬ್ಬಯ್ಯನವರಿಗೂ ಪ್ಯಾಂಟಿಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ತಿಪಟೂರಿನಿಂದ ದೆಹಲಿಗೆ ಬಂದು, ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗುವವರೆಗೂ ಅವರು ಪ್ಯಾಂಟನ್ನು ಆಫೀಸಿನ ಕಟ್ಟಳೆಯೆಂದು ಸಹಿಸಿಕೊಂಡಿದ್ದರೇ ಹೊರತು ಬಟ್ಟೆಯೆಂದು ಒಪ್ಪಿಕೊಂಡಿರಲಿಲ್ಲ. ಸಂಜೆ ಲೋಧಿ ಕಾಲೋನಿಯ ಕ್ವಾರ್ಟರ್ಸಿನ ಬಾಗಿಲು ದಾಟಿದೊಡನೆ, ಬೂಟಿಗೂ ಮೊದಲು ಬೆಲ್ಟು ಬಿಚ್ಚುತ್ತಿದ್ದರು. ಆಗ ಅವರು "ಹಾಆಆ" ಎಂದು ಬಿಡುತ್ತಿದ್ದ ಉಸಿರು ಮಹಡಿಯ ಮೇಲಿನ ಮಿಸೆಸ್ ಸೇಠಿಯವರಿಗೂ ಕೇಳಿಸುತ್ತಿತ್ತು. ಅದು ಕೇಳಿದ ಮೇಲೆಯೇ ಆಕೆ ಸಂಜೆಯ ಚಹಾಕ್ಕೆ ನೀರಿಡುವುದು ರೂಢಿಯಾಗಿತ್ತು.

ಕಷ್ಟವೆಲ್ಲ ಅವರ ಹೊಟ್ಟೆಯದು. ಕೈಕಾಲು ಕಡ್ಡಿಯ ಹಾಗೆ, ಕುತ್ತಿಗೆ ಕೊಕ್ಕರೆಯ ಹಾಗೆ. ನಡುವೆ ಮಾತ್ರ ಯಾರದೋ ಹೊಟ್ಟೆಯನ್ನು ತಂದು ಜೋಡಿಸಿದ ಹಾಗೆ. ಅದಾದರೂ ಒಂದು ಅಳತೆಗೆ ನಿಲ್ಲುತ್ತಿತ್ತೇ? ಬೆಳಗ್ಗೆ ಎದ್ದಾಗ ಒಂದು, ಉಪ್ಪಿಟ್ಟಿನ ಮೇಲೆ ಇನ್ನೊಂದು, ಹುಳಿಯನ್ನ ಮಜ್ಜಿಗೆಯನ್ನ ಮುಗಿದ ಮೇಲೆ ಮತ್ತೊಂದು. ಟೇಲರ್ ಟೇಪು ಹಿಡಿದು ನಿಂತರೆ ಇವರು ಗಂಭೀರವಾಗಿ ಕೇಳುತ್ತಿದ್ದರು: "ಭಯ್ಯಾ, ಯಾವ ಹೊತ್ತಿನ ಅಳತೆ ಬೇಕು?" ಟೇಲರಿಗೆ ಅದು ಅರ್ಥವಾಗುತ್ತಿರಲಿಲ್ಲ. ಬೆಳಗಿನ ಅಳತೆಯ ಪ್ಯಾಂಟು ಮಧ್ಯಾಹ್ನ ಕಚ್ಚುತ್ತಿತ್ತು. ಮಧ್ಯಾಹ್ನದ ಅಳತೆಯದು ಬೆಳಗ್ಗೆ ಜಾರುತ್ತಿತ್ತು.

ಮನೆಯಲ್ಲಿ ಪಂಚೆ. ಪಂಚೆಗೆ ಅಳತೆಯ ಹಂಗಿಲ್ಲ, ಹೊಟ್ಟೆ ಹೇಳಿದಂತೆ ಕೇಳುತ್ತದೆ. ಆದರೆ ದೆಹಲಿಯ ಚಳಿಗೆ ಪಂಚೆ ಎಂದರೆ ಬಾಗಿಲು ತೆರೆದಿಟ್ಟ ಮನೆ. ಡಿಸೆಂಬರ್ ಬಂತೆಂದರೆ ಗಾಳಿ ಕೆಳಗಿನಿಂದ ನುಗ್ಗಿ ಮಂಡಿಯವರೆಗೆ ವಿಚಾರಿಸಿಕೊಂಡು ಹೋಗುತ್ತಿತ್ತು. ಒಳಗೆ ಉಣ್ಣೆಯ ಉದ್ದ ಚಡ್ಡಿ ಹಾಕಿ ಮೇಲೆ ಪಂಚೆ ಉಟ್ಟು ಅವರು ವರ್ಷಗಟ್ಟಲೆ ಕಾಲ ತಳ್ಳಿದರು.

ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲದಲ್ಲಿ ಡಿಸ್ಪೆನ್ಸರಿಯ ಡಾಕ್ಟರು ಅವರ ರಕ್ತದ ಒತ್ತಡ ನೋಡಿ, "ಫೈಲು ಕಡಿಮೆ ಮಾಡಿ, ನಗು ಜಾಸ್ತಿ ಮಾಡಿ" ಎಂದರು. ಫೈಲು ಕಡಿಮೆ ಮಾಡುವುದು ಅವರ ಕೈಯಲ್ಲಿರಲಿಲ್ಲ. ಹಾಗಾಗಿ ಮನೆ ಹತ್ತಿರದ ಪಾರ್ಕಿನ ಲಾಫಿಂಗ್ ಕ್ಲಬ್ಬಿಗೆ ಸೇರಿದರು. ಬೆಳಗಿನ ಮಂಜಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ಹತ್ತಾರು ಜನ ವೃತ್ತಾಕಾರ ನಿಂತು, ಕಾರಣವಿಲ್ಲದೆ, ಕ್ರಮವಾಗಿ ನಗುವ ಕ್ಲಬ್ಬು ಅದು. ಅದರ ಮುಖಂಡರು ರೈಲ್ವೆಯಿಂದ ನಿವೃತ್ತರಾದ ಚಡ್ಢಾ ಎಂಬುವರು. ವೆಂಕಟಸುಬ್ಬಯ್ಯನವರ ಹೆಂಡತಿ ಲೀಲಾವತಿಗೆ ಆ ಹೆಸರು ಕೇಳಿದ ದಿನವೇ ನಗೆಯ ಪೂರ್ತಿ ಪ್ರಯೋಜನ ಸಿಕ್ಕಿತು.

"ಏನಂದ್ರಿ? ಚಡ್ಡೀನಾ?"

"ಚಡ್ಢಾ ಕಣೇ, ಚಡ್ಢಾ. ಪಂಜಾಬಿಗಳ ಮನೆತನದ ಹೆಸರು. ದೊಡ್ಡ ಮನುಷ್ಯರು."

"ದೊಡ್ಡ ಮನುಷ್ಯರಾದ್ದಕ್ಕೇ ಚಡ್ಡಿ ಚಡ್ಢಾ ಆಗಿರಬೇಕು ಬಿಡಿ" ಎಂದು ಆಕೆ ಅಡುಗೆಮನೆಗೆ ಹೋಗಿ ಒಬ್ಬರೇ ನಕ್ಕರು.

ಕ್ಲಬ್ಬಿಗೂ ವೆಂಕಟಸುಬ್ಬಯ್ಯ ಪಂಚೆಯಲ್ಲೇ ಹೋದರು. "ನಮಸ್ತೆ ನಗೆ" ಚೆನ್ನಾಗಿಯೇ ನಡೆಯಿತು; ಅದರಲ್ಲಿ ಕೈ ಮುಗಿದು ನಗಬೇಕು. ಆಮೇಲೆ "ಸಿಂಹ ನಗೆ". ಎರಡೂ ಕೈ ಮೇಲೆತ್ತಿ, ನಾಲಿಗೆ ಹೊರಚಾಚಿ, ಹೊಟ್ಟೆಯಿಂದ ಘರ್ಜಿಸಬೇಕು. ಇವರು ಶ್ರದ್ಧೆಯಿಂದ ಘರ್ಜಿಸಿದರು. ಹೊಟ್ಟೆ ಮುಂದೆ ಬಂತು, ಹಿಂದೆ ಹೋಯಿತು. ಹಿಂದೆ ಹೋದಾಗ ಪಂಚೆ ಕೆಳಗೆ ಹೋಯಿತು. ಉಣ್ಣೆಯ ಉದ್ದ ಚಡ್ಡಿ ಮರ್ಯಾದೆ ಕಾಯಿತು, ನಿಜ. ಆದರೆ ನಾಲಿಗೆ ಹೊರಗಿದ್ದದ್ದರಿಂದ "ಅಯ್ಯೋ" ಎನ್ನುವುದಕ್ಕೂ ಅವರಿಗೆ ಆಗಲಿಲ್ಲ.

"ಅರೇ ವೆಂಕಟ್‌ಜೀ," ಎಂದರು ಚಡ್ಢಾ, ಪಂಚೆ ಎತ್ತಿಕೊಡುತ್ತಾ, "ನಾಳೆಯಿಂದ ಈ ಲುಂಗಿ ಬೇಡ."

"ಇದು ಲುಂಗಿ ಅಲ್ಲ, ಪಂಚೆ" ಎಂದರು ವೆಂಕಟಸುಬ್ಬಯ್ಯ. ಆ ಸ್ಥಿತಿಯಲ್ಲೂ ಆ ತಪ್ಪನ್ನು ಅವರು ಬಿಡಲಿಲ್ಲ.

ಆಫೀಸಿನ ಪ್ಯಾಂಟು ಹಾಕಿ ಹೋದರು. ಎರಡನೇ ನಗೆಗೇ ಗುಂಡಿ ಹಾರಿ ಹುಲ್ಲಿನಲ್ಲಿ ಬಿತ್ತು. ಟ್ರ್ಯಾಕ್ ಪ್ಯಾಂಟು ಕೊಂಡರು. ಅದರ ಇಲಾಸ್ಟಿಕ್ಕು ಹೊಟ್ಟೆಗೆ ರಬ್ಬರ್ ಬ್ಯಾಂಡ್ ಹಾಕಿದ ಹಾಗಿತ್ತು. ಬಿಚ್ಚಿದರೆ ಸುತ್ತಲೂ ಕೆಂಪು ಗೆರೆ. ಲಾಡಿಯ ಪೈಜಾಮ ಹಾಕಿದರು. ಲಾಡಿಯ ಒಂದು ತುದಿ ತೂತಿನೊಳಗೆ ಹೋಗಿ ಕೂತುಬಿಟ್ಟಿತು. ಅದನ್ನು ಈಚೆಗೆ ತರಲು ಪಿನ್ನು ಹಿಡಿದು ಕೂತವರಿಗೆ ಆಫೀಸಿನ ಚಾರ್ಟರ್ಡ್ ಬಸ್ಸು ತಪ್ಪಿತು.

ಹೀಗಿರುವಾಗ ಒಂದು ಭಾನುವಾರ ಬಿಸಿಲಿಗೆ ಕುರ್ಚಿ ಹಾಕಿ ಕೂತಿದ್ದಾಗ ಅವರ ಕಣ್ಣು ತಮ್ಮದೇ ಸ್ವೆಟರಿನ ಕೆಳಗಿನ ಪಟ್ಟಿಯ ಮೇಲೆ ಬಿತ್ತು. ಗೀರುಗೀರಾಗಿ ಹೆಣೆದ ಆ ಪಟ್ಟಿ ಎಷ್ಟೋ ವರ್ಷದಿಂದ ಅವರ ಹೊಟ್ಟೆಯನ್ನು ತಬ್ಬಿಕೊಂಡೇ ಇತ್ತು. ಕಚ್ಚಿರಲಿಲ್ಲ, ಜಾರಿರಲಿಲ್ಲ. ಊಟಕ್ಕೆ ಮೊದಲು ಸಣ್ಣದಾಗಿ, ಊಟವಾದ ಮೇಲೆ ದೊಡ್ಡದಾಗಿ, ಹೊಟ್ಟೆಯ ಜೊತೆ ಹೊಂದಿಕೊಂಡು ಬಾಳಿತ್ತು. ಅವರು ಬೆರಳು ತೂರಿಸಿ ಎಳೆದರು, ಬಿಟ್ಟರು. ಮೆತ್ತಗೆ ಹಿಂದಕ್ಕೆ ಹೋಯಿತು. ಇದನ್ನೇ ಪ್ಯಾಂಟಿನ ಸೊಂಟಕ್ಕೆ ಹೊಲಿದರೆ?

ಲೀಲಾವತಿ ಹಾಲು ತರಲು ಹೋಗಿದ್ದರು. ವೆಂಕಟಸುಬ್ಬಯ್ಯ ಕತ್ತರಿ ತಂದು, ಸ್ವೆಟರು ಬಿಚ್ಚಿ, ಪಟ್ಟಿಯನ್ನು ಕತ್ತರಿಸಿಯೇಬಿಟ್ಟರು. ಅದು ಕೈಯಲ್ಲಿ ಹೆಣೆದ ಸ್ವೆಟರು. ಕತ್ತರಿಸಿದ ಕಡೆ ಒಂದು ನೂಲು ಇಣುಕಿತು. ಅಂದವಾಗಿ ಕಾಣಲಿಲ್ಲವೆಂದು ಇವರು ಎಳೆದರು. ನೂಲು ಬಂತು. ಮತ್ತೆ ಎಳೆದರು, ಮತ್ತೆ ಬಂತು. ಎಲ್ಲಾದರೂ ನಿಂತೀತೆಂದು ಎಳೆಯುತ್ತಾ ಹೋದರು. ಲೀಲಾವತಿ ಹಾಲಿನೊಂದಿಗೆ ಬಾಗಿಲಿಗೆ ಬಂದಾಗ ಗಂಡನ ತೊಡೆಯ ಮೇಲೆ ಎರಡು ತೋಳು, ಒಂದು ಕಾಲರು, ಮತ್ತು ಹಕ್ಕಿಯ ಗೂಡಿನಷ್ಟು ನೂಲು ಇತ್ತು.

"ರೀ! ಏನ್ರೀ ಮಾಡ್ತಿದ್ದೀರ? ಮದುವೆಯಾದ ವರ್ಷ ನಿಮಗೆ ಅಂತ ಹೆಣೆದದ್ದು ಅದು!"

"ಪ್ಯಾಂಟು ಮಾಡ್ತಿದೀನಿ ಕಣೇ."

"ಸ್ವೆಟರಿನಲ್ಲಾ?"

"ಸೊಂಟ ಮಾತ್ರ."

ಲೀಲಾವತಿ ಸ್ವೆಟರಿನ ಅವಶೇಷ ಕೈಗೆತ್ತಿಕೊಂಡು ಒಳಗೆ ಹೋದರು. ಆ ದಿನ ಹುಳಿಗೆ ಉಪ್ಪು ಬೀಳಲಿಲ್ಲ, ಮರೆತಿದ್ದಲ್ಲ.

ಆದರೆ ವೆಂಕಟಸುಬ್ಬಯ್ಯ ಹಿಡಿದ ಕೆಲಸ ಬಿಡುವವರಲ್ಲ. ಮಿಷನ್ನಿನಲ್ಲಿ ಹೆಣೆದ ಬಟ್ಟೆ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲವೆಂದು ಯಾರೋ ಹೇಳಿದರು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ, ಎಕ್ಸ್‌ಪೋರ್ಟ್ ಮಾಲು ರಾಶಿ ಹಾಕಿ ಮಾರುವ ಕಡೆ, ಕುತ್ತಿಗೆಗೂ ಮುಂಗೈಗೂ ಹೊಲಿಯುವ ಹೆಣಿಗೆ ಬಟ್ಟೆಯ ತುಂಡುಗಳು ಸಿಕ್ಕವು. ಅಂಗಡಿಯವನು ಅದನ್ನು "ರಿಬ್" ಎಂದ. ಇವರೂ ರಿಬ್ ಎಂದರು. ಮನೆಯಲ್ಲಿ ಲೀಲಾವತಿಯ ತೌರಿನವರು ಕೊಟ್ಟಿದ್ದ ಹೊಲಿಗೆ ಮಿಷನ್ನಿತ್ತು. ಅದರ ಮೇಲೆ ಟೆಲಿಫೋನು ಕೂತಿತ್ತು. ಟೆಲಿಫೋನನ್ನು ನೆಲಕ್ಕಿಳಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟು, ಹಳೆಯ ಬೆಡ್‌ಶೀಟಿನಲ್ಲಿ ಮೊದಲ ಪ್ಯಾಂಟು ಶುರುಮಾಡಿದರು.

ಎರಡು ಕಾಲುಗಳನ್ನು ಬೇರೆ ಬೇರೆ ಹೊಲಿದು, ಆಮೇಲೆ ಒಂದಕ್ಕೊಂದು ಸೇರಿಸಬೇಕು. ಇವರು ಸೇರಿಸಿದರು, ಆದರೆ ಪಾದದ ಕಡೆ. ಎತ್ತಿ ಹಿಡಿದು ನೋಡಿದರೆ ಉದ್ದನೆಯ ಒಂದೇ ಕೊಳವೆ. ಕಾಲೇಜಿನಿಂದ ಬಂದ ಮಗಳು ಅಮಿತಾ ಬ್ಯಾಗು ಹಾಗೇ ಹೆಗಲ ಮೇಲಿಟ್ಟುಕೊಂಡು ನಿಂತಳು.

"ಅಪ್ಪಾ, ಯೇ ಕ್ಯಾ ಹೈ? ಹೆಬ್ಬಾವಿಗೆ ಪ್ಯಾಂಟಾ?"

"ತಮಾಷೆ ಮಾಡಬೇಡ. ಸೊಂಟ ಇನ್ನೂ ಹೊಲಿದಿಲ್ಲ."

"ಹೆಬ್ಬಾವಿಗೆ ಸೊಂಟ ಎಲ್ಲಿರತ್ತೆ ಅಪ್ಪಾ?" ಎಂದು ಅಮಿತಾ ನಿಜವಾಗಿಯೂ ಯೋಚನೆಗೆ ಬಿದ್ದಳು.

ಎರಡನೆಯದರಲ್ಲಿ ಕಾಲುಗಳು ಸರಿಯಾದ ಕಡೆ ಸೇರಿದವು. ರಿಬ್ ಪಟ್ಟಿಯನ್ನು ಬಳೆಯಂತೆ ಸುತ್ತಿ ಹೊಲಿದು, ಎರಡು ಪದರವಾಗಿ ಮಡಚಿ, ಪ್ಯಾಂಟಿನ ಬಾಯಿಗೆ ಜೋಡಿಸಿದರು. ಕನ್ನಡಿಯ ಮುಂದೆ ಹಾಕಿಕೊಳ್ಳಲು ಹೋದಾಗ, ಪಟ್ಟಿ ಹಿಗ್ಗಿತು, ಆದರೆ ಹೊಲಿದ ದಾರ ಹಿಗ್ಗಲಿಲ್ಲ. ಪಟಪಟಪಟ ಎಂದು ಸುತ್ತಲೂ ಕಿತ್ತುಕೊಂಡು ಬಂತು. ಪ್ಯಾಂಟು ಕಾಲಲ್ಲಿ, ಪಟ್ಟಿ ಹೊಟ್ಟೆಯ ಮೇಲೆ. ಕುಸ್ತಿಯಲ್ಲಿ ಬೆಲ್ಟು ಗೆದ್ದ ಪೈಲ್ವಾನನ ಹಾಗೆ ಕಂಡರು.

ಸ್ವೆಟರಿನ ದಿನದಿಂದ ಬಿಗಿದುಕೊಂಡೇ ಇದ್ದ ಲೀಲಾವತಿಗೆ ಇನ್ನು ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು: "ಪಟ್ಟೀನ ಎಳೆದು ಹಿಡಿದು ಹೊಲೀಬೇಕು."

"ಏನು?"

"ಪಟ್ಟಿ ಸಣ್ಣದಿರಬೇಕು, ಪ್ಯಾಂಟಿನ ಬಾಯಿ ದೊಡ್ಡದಿರಬೇಕು. ಎರಡಕ್ಕೂ ನಾಲ್ಕು ಕಡೆ ಗುರುತು ಹಾಕಿ, ಗುರುತಿಗೆ ಗುರುತು ಗುಂಡುಪಿನ್ನು ಚುಚ್ಚಿ. ಆಮೇಲೆ ಪಟ್ಟೀನ ಬಟ್ಟೆಯಷ್ಟೇ ಉದ್ದಕ್ಕೆ ಎಳೆದು ಹಿಡಿದು ಮಿಷನ್ ತುಳೀರಿ. ಬಿಟ್ಟರೆ ತಾನೇ ಸುಕ್ಕಾಗಿ ಕೂತ್ಕೊಳತ್ತೆ. ದಾರಾನೂ ಕೀಳಲ್ಲ."

"ನಿನಗೆ ಹೊಲಿಗೆ ಬರತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ!"

"ನೀವು ಕೇಳಿದ್ದು ಯಾವಾಗ? ಮಿಷನ್ ಮೇಲೆ ಫೋನ್ ಇಟ್ಟೋರು ಯಾರು?"

ಮೂರನೆಯ ಪ್ಯಾಂಟು ಸಿದ್ಧವಾಯಿತು. ಕಂದು ಬಣ್ಣದ ದಪ್ಪ ಕಾಟನ್ನು, ಸೊಂಟಕ್ಕೆ ನೀಲಿ ರಿಬ್. ವೆಂಕಟಸುಬ್ಬಯ್ಯ ಅದನ್ನು ಹಾಕಿಕೊಂಡು ನಿಂತರು, ಕೂತರು, ಕುಕ್ಕರಗಾಲಲ್ಲಿ ಕೂತರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡಿದರು, ಪರೀಕ್ಷೆಗೆಂದೇ ಇನ್ನೊಮ್ಮೆ ಬಡಿಸಿಕೊಂಡರು. ಪ್ಯಾಂಟು ಉಸಿರೆತ್ತಲಿಲ್ಲ. "ಲೀಲಾ, ಇದು ಕಾಲಿರೋ ಪಂಚೆ ಕಣೇ!" ಎಂದು ಕೂಗಿದಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಮಾರನೆಯ ದಿನ ಅದರ ಮೇಲೆ ಶರ್ಟು ಇಳಿಬಿಟ್ಟುಕೊಂಡು ಆಫೀಸಿಗೂ ಹೋದರು. ಬಜೆಟ್ ಮೀಟಿಂಗಿನಲ್ಲಿ ಎಲ್ಲರೂ ಸಮೋಸ ತಿಂದು ಬೆಲ್ಟು ಸರಿಮಾಡಿಕೊಳ್ಳುತ್ತಿದ್ದಾಗ ಇವರೊಬ್ಬರೇ ಶಾಂತವಾಗಿ ಮುಗುಳ್ನಗುತ್ತಾ ಕೂತಿದ್ದರು. ಸಂಜೆ ಮನೆಗೆ ಬಂದಾಗ "ಹಾಆಆ" ಎನ್ನಲಿಲ್ಲ. ಮಿಸೆಸ್ ಸೇಠಿ ಕಾದು ಕಾದು, ಚಹಾ ತಡವಾಗಿ, ಗಾಬರಿಯಿಂದ ಕೆಳಗೆ ಬಂದು ವಿಚಾರಿಸಿದರು.

ಪಾರ್ಕಿನಲ್ಲಿ ಸುದ್ದಿ ಹರಡಲು ಒಂದು ಸಿಂಹ ನಗೆ ಸಾಕಾಯಿತು. ಚಡ್ಢಾ ತಾವೇ ಮುಂದೆ ಬಂದು, ಅಪ್ಪಣೆ ಕೇಳಿ, ಆ ಪಟ್ಟಿಯನ್ನು ಎಳೆದು ಬಿಟ್ಟು ನೋಡಿದರು. "ವಾಹ್! ನನಗೂ ಒಂದು." ಅಲ್ಲಿಗೆ ಕ್ಲಬ್ಬಿಗೆ ಕ್ಲಬ್ಬೇ ಅವರ ಮನೆಗೆ ಅಳತೆಗೆ ಬರತೊಡಗಿತು. ಅಳತೆಯ ಹೊತ್ತಿಗೆ ಎಲ್ಲರೂ ಉಸಿರು ಒಳಗೆಳೆದು ಎದೆಯುಬ್ಬಿಸಿ ನಿಲ್ಲುತ್ತಿದ್ದರು. ವೆಂಕಟಸುಬ್ಬಯ್ಯ ಟೇಪು ಹಿಡಿದು ತಾಳ್ಮೆಯಿಂದ ಕಾಯುತ್ತಿದ್ದರು. ಎಷ್ಟು ಹೊತ್ತೆಂದು ಹಿಡಿದಾರು? ಮುಖ ಕೆಂಪಾಗಿ "ಫೂ" ಎಂದು ಬಿಟ್ಟೊಡನೆ ಅಳತೆ ತೆಗೆಯುವುದು. ಹೊಲಿಗೆಗೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಜನ ಸುಮ್ಮನಿರುತ್ತಾರೆಯೇ? ಗಜ್ಜರಿ ಹಲ್ವ ತಂದರು, ಮೂಲಂಗಿ ತಂದರು, ಒಬ್ಬರಂತೂ ಹೂಕೋಸಿನ ಮೂಟೆಯನ್ನೇ ಇಳಿಸಿದರು. "ರೀ, ಇನ್ನು ಯಾರಿಗಾದರೂ ಹೊಲಿದರೆ ಕೊತ್ತಂಬರಿ ಸೊಪ್ಪು ಬೆಳೆಯೋರಿಗೆ ಹೊಲೀರಿ, ಹೂಕೋಸು ಸಾಕು" ಎಂದರು ಲೀಲಾವತಿ.

ಫೆಬ್ರವರಿಯಲ್ಲಿ ದಕ್ಷಿಣ ದೆಹಲಿಯ ಪಾರ್ಕುಗಳ ಲಾಫಿಂಗ್ ಕ್ಲಬ್ಬುಗಳಿಗೆ ಒಂದು ಸ್ಪರ್ಧೆ ಏರ್ಪಾಟಾಯಿತು. ಚಡ್ಢಾ ಉತ್ಸಾಹದಲ್ಲಿ ಕುಣಿದರು. "ಎಲ್ಲರಿಗೂ ಒಂದೇ ತರಹದ ಪ್ಯಾಂಟು. ಕೆಂಪು ಬಣ್ಣ. ವೆಂಕಟ್‌ಜೀ, ಕ್ಲಬ್ಬಿನ ಮಾನ ನಿಮ್ಮ ಕೈಯಲ್ಲಿ."

ಎಲ್ಲರಿಗೂ ಆಗುವಷ್ಟು ಕೆಂಪು ರಿಬ್ ಸರೋಜಿನಿ ನಗರದಲ್ಲಿ ಸಿಗಲಿಲ್ಲ. ವೆಂಕಟಸುಬ್ಬಯ್ಯ ಬಸ್ಸು ಹತ್ತಿ ಯಮುನೆಯ ಆಚೆ ಗಾಂಧಿನಗರಕ್ಕೆ ಹೋಗಿ ಒಂದು ಕಟ್ಟು ಹೊತ್ತು ತಂದರು. ಬೆಣ್ಣೆಯಷ್ಟು ಮೆದು. ಲೀಲಾವತಿ ಒಂದು ತುಂಡನ್ನು ಎಳೆದರು, ಬಿಟ್ಟರು, ಹುಬ್ಬು ಗಂಟಿಕ್ಕಿದರು.

"ರೀ, ಇದು ಎಳೆದರೆ ಬರತ್ತೆ, ಬಿಟ್ಟರೆ ವಾಪಸ್ ಹೋಗ್ತಾ ಇಲ್ಲ."

"ಹೋಗತ್ತೆ ಬಿಡೇ, ಹೊಸದು. ನಿಧಾನಕ್ಕೆ ಹೋಗತ್ತೆ."

"ನಿಮ್ಮ ಕಡೆ ನೆಂಟರ ಹಾಗಿದೆ. ಬಂದದ್ದು ಬಂತು, ಹೋಗೋ ಲಕ್ಷಣ ಇಲ್ಲ."

ಈ ಮಾತಿನಿಂದ ಅವರಿಗೆ ಕೋಪ ಬಂತು. ತಿಪಟೂರಿನ ನೆಂಟರ ಮೇಲಿನ ಅಭಿಮಾನಕ್ಕೇ ಎಂಬಂತೆ ಇಡೀ ಕಟ್ಟನ್ನೂ ಹೊಲಿದು ಮುಗಿಸಿದರು.

ಸ್ಪರ್ಧೆಯ ದಿನ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಕುರ್ಚಿ ಎಲ್ಲ ಇತ್ತು. ಲೀಲಾವತಿ, ಅಮಿತಾ, ಮಿಸೆಸ್ ಸೇಠಿ ಮುಂದಿನ ಸಾಲಿನಲ್ಲಿ ಕೂತರು. ಕೊನೆಯ ಸುತ್ತಿಗೆ ಉಳಿದದ್ದು ಎರಡೇ ತಂಡ. ಲೋಧಿ ಕಾಲೋನಿಯ ಎದುರಾಳಿ ಆರ್.ಕೆ.ಪುರಂ. ಅವರ ನಾಯಕ ದಕ್ಷಿಣಾಮೂರ್ತಿ ಎಂಬ ಮೈಸೂರಿನ ಕಡೆಯ ಆಡಿಟ್ ಅಧಿಕಾರಿ. ಮೀಸೆ ಅಲುಗದಂತೆ ನಗಬಲ್ಲ ಮನುಷ್ಯ. ಅವರ ತಂಡ ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಂತು "ಹ ಹ ಹ, ಹೋ ಹೋ ಹೋ" ಎಂದು ಕವಾಯತಿನಂತೆ ನಕ್ಕಿತು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ.

ಆಮೇಲೆ ಎರಡೂ ತಂಡ ಎದುರುಬದುರು ನಿಂತು ಒಟ್ಟಿಗೆ ನಗಬೇಕಿತ್ತು. ಲೋಧಿ ಕಾಲೋನಿಯ ಕೆಂಪು ಪ್ಯಾಂಟುಗಳು ಬಿಸಿಲಿಗೆ ಥಳಥಳಿಸಿದವು. ನಮಸ್ತೆ ನಗೆಯಲ್ಲಿ ಹೊಟ್ಟೆಗಳು ಉಬ್ಬಿದವು, ಪಟ್ಟಿಗಳು ಹಿಗ್ಗಿದವು. ಹೊಟ್ಟೆಗಳು ಇಳಿದವು, ಪಟ್ಟಿಗಳು ಇಳಿಯಲಿಲ್ಲ. ರೆಕ್ಕೆ ಬಡಿಯುವ ಹಕ್ಕಿ ನಗೆಯಲ್ಲಿ ಇನ್ನಷ್ಟು ಹಿಗ್ಗಿದವು. ವೆಂಕಟಸುಬ್ಬಯ್ಯನವರಿಗೆ ಸೊಂಟದಲ್ಲಿ ಏನೋ ಹಗುರವಾದಂತೆ ಅನ್ನಿಸಿತು. ಅವರು ಎಡಗಡೆ ನೋಡಿದರು. ಪಕ್ಕದವರೂ ಅದೇ ಅನುಮಾನದಿಂದ ಬಲಗಡೆ ನೋಡುತ್ತಿದ್ದರು.

"ಸಿಂಹ!" ಎಂದು ಚಡ್ಢಾ ಗುಡುಗಿದರು.

ಕೈಗಳೆಲ್ಲ ಮೇಲೆ ಹೋದವು. ಪ್ಯಾಂಟುಗಳೆಲ್ಲ ಕೆಳಗೆ ಹೋದವು. ನಾಟಕದ ಪರದೆ ಇಳಿಸಿದ ಹಾಗೆ, ಒಂದಾದ ಮೇಲೊಂದು, ನಿಧಾನವಾಗಿ, ಮರ್ಯಾದೆಯಿಂದ ಇಳಿದವು. ಚಳಿ ಇನ್ನೂ ಮುಗಿಯದಿದ್ದದ್ದು ದೇವರ ದಯೆ. ಎಲ್ಲರೂ ಒಳಗೆ ಉಣ್ಣೆಯದು ಹಾಕಿದ್ದರು. ಒಬ್ಬರದು ಬೂದು, ಒಬ್ಬರದು ಹಸಿರು, ಒಬ್ಬರದಕ್ಕೆ ಮಂಡಿಯ ಮೇಲೆ ಹೂವಿನ ತೇಪೆ. ಚಡ್ಢಾ ಅವರದು ಎದ್ದು ಕಾಣುವ ಗುಲಾಬಿ. ಅವರು ನಾಯಕನ ಧೈರ್ಯದಿಂದ ನೇರವಾಗಿ ಮೈಕಿಗೆ ಹೋಗಿ, "ಹೆಂಡತಿಯ ದುಪಟ್ಟಾ ಜೊತೆ ಒಗೆದದ್ದಕ್ಕೆ ಬಣ್ಣ ಹತ್ತಿದೆ, ಬೇರೆ ಏನಿಲ್ಲ" ಎಂದು ಇಡೀ ಪಾರ್ಕಿಗೆ ವಿವರಿಸಿದರು.

ಆಗ ದಕ್ಷಿಣಾಮೂರ್ತಿಯವರ ಮೀಸೆ ಅಲುಗಿತು. ಮೊದಲು ಒಂದು ತುದಿ, ಆಮೇಲೆ ಇನ್ನೊಂದು. "ಹ" ಎಂದು ಶುರುವಾದದ್ದು ಕ್ರಮ ತಪ್ಪಿ, ಲಯ ತಪ್ಪಿ, ಅವರು ಮಂಡಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು. ಅವರ ಹಿಂದೆ ಆರ್.ಕೆ.ಪುರಂ ಪೂರ್ತಿ ಕುಸಿಯಿತು. ಕಣ್ಣೊರೆಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಉಸಿರಿಲ್ಲದೆ ನಕ್ಕರು. ಗೆದ್ದವರ ಕಪ್ ಅವರಿಗೇ ಹೋಯಿತು. ಚಡ್ಢಾ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಪ್ರತಿಭಟಿಸಿದಾಗ ತೀರ್ಪುಗಾರರಾದ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ಸ್ಪರ್ಧೆ ಇರೋದು ನಗೋದಕ್ಕೆ, ಸಾಹೇಬರೇ. ನಗಿಸೋದಕ್ಕಲ್ಲ."

ಮನೆಗೆ ಬರುವಾಗ ಆಟೋದಲ್ಲಿ ವೆಂಕಟಸುಬ್ಬಯ್ಯ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದೇ ಕೂತಿದ್ದರು. ಲೀಲಾವತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದರು. ಆಟೋ ಹಳ್ಳಕ್ಕೆ ಬಿದ್ದಾಗಲೆಲ್ಲ ಬಾಯಿಂದ ಸೆರಗು ಜಾರಿ ಒಂದೊಂದು ಕಿಸಕ್ಕೆನ್ನುವ ಸದ್ದು ಬರುತ್ತಿತ್ತು.

"ನಗು, ನಗು. ಹೊಟ್ಟೆ ತುಂಬ ನಗು" ಎಂದರು ವೆಂಕಟಸುಬ್ಬಯ್ಯ.

"ನಿಮಗಲ್ಲರೀ... ಆ ಗುಲಾಬಿ..." ಎಂದವರಿಗೆ ಮುಂದೆ ಹೇಳಲಾಗಲಿಲ್ಲ.

ಕೆಲವು ದಿನ ಅವರು ಪಾರ್ಕಿನ ಕಡೆ ಸುಳಿಯಲಿಲ್ಲ. ನಿಜವಾಗಿಯೂ ನೊಂದಿದ್ದರು. ಅಷ್ಟು ಜನರ ಮಾನವನ್ನು ತಾವೇ ಹೊಲಿದು ತಾವೇ ಇಳಿಸಿದಂತೆ ಅವರಿಗೆ ತೋರಿತು. ಒಂದು ಬೆಳಗ್ಗೆ ಬಾಗಿಲು ತೆರೆದರೆ ಹೊರಗೆ ಕ್ಲಬ್ಬಿನವರೆಲ್ಲ ನಿಂತಿದ್ದರು, ಕೈಯಲ್ಲಿ ತಮ್ಮ ತಮ್ಮ ಕೆಂಪು ಪ್ಯಾಂಟು. ಬೈಯುವುದಕ್ಕೆ ಬಂದಿದ್ದಾರೆಂದು ವೆಂಕಟಸುಬ್ಬಯ್ಯ ತಲೆ ತಗ್ಗಿಸಿದರು.

"ವೆಂಕಟ್‌ಜೀ, ಬಟ್ಟೆ ಫಸ್ಟ್ ಕ್ಲಾಸ್" ಎಂದರು ಚಡ್ಢಾ. "ಸೊಂಟ ಮಾತ್ರ ಬದಲಾಯಿಸಿ. ನೀವಿಲ್ಲದೆ ಸಿಂಹ ನಗೆಗೆ ಮಜಾನೇ ಇಲ್ಲ."

ಇವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಲೀಲಾವತಿ ಬಂದು ಪ್ಯಾಂಟುಗಳನ್ನೆಲ್ಲ ತೆಗೆದುಕೊಂಡರು. "ಈ ಸಲ ಪಟ್ಟಿ ನಾನು ಆರಿಸ್ತೀನಿ" ಎಂದು ಹಿಂದಿಯಲ್ಲಿ ಹೇಳಿದರು. ಅಂದಿನಿಂದ ಮಾರ್ಕೆಟ್ಟಿಗೆ ಇಬ್ಬರೂ ಜೊತೆಗೆ ಹೋಗತೊಡಗಿದರು. ಆಕೆ ಅಂಗಡಿಯಲ್ಲಿ ನಿಂತು ಪ್ರತಿ ತುಂಡನ್ನೂ ಎಳೆದು ಬಿಟ್ಟು ನೋಡುತ್ತಿದ್ದರು; ಹಿಂದಕ್ಕೆ ಹೋದರೆ ಬುಟ್ಟಿಗೆ, ಹೋಗದಿದ್ದರೆ ಅಂಗಡಿಯವನ ಮುಖಕ್ಕೆ. ಮನೆಯಲ್ಲಿ ಅವರು ಮಿಷನ್ ತುಳಿಯುತ್ತಿದ್ದರು, ಆಕೆ ಹಿಂದೆ ಕೂತು ಪಟ್ಟಿ ಎಳೆದು ಹಿಡಿಯುತ್ತಿದ್ದರು. "ಎಳೀ ಲೀಲಾ", "ಎಳೆದಿದೀನಿ, ತುಳೀರಿ", "ಸಾಕು", "ಸಾಕಾಗಿಲ್ಲ" ಎಂಬ ಮಾತು ಕೇಳಿ ಮಿಸೆಸ್ ಸೇಠಿ, ಭಾಷೆ ಬಾರದ್ದರಿಂದ, ಗಂಡಹೆಂಡಿರ ನಡುವೆ ಏನೋ ದೊಡ್ಡ ಜಗಳವೆಂದೇ ತಿಳಿದಿದ್ದರು.

ಹೋಳಿಯ ಸುಮಾರಿಗೆ ದಕ್ಷಿಣಾಮೂರ್ತಿಯವರೂ ಒಂದು ಡಬ್ಬಿ ಮೈಸೂರುಪಾಕು ಹಿಡಿದು ಬಂದರು. "ನಿಮ್ಮಿಂದ ನಮಗೆ ಕಪ್ ಬಂತು ಸಾರ್. ನಮ್ಮ ಕ್ಲಬ್ಬಿಗೂ ಹೊಲಿದುಕೊಡಬೇಕು."

ವೆಂಕಟಸುಬ್ಬಯ್ಯ ಅನುಮಾನದಿಂದ ನೋಡಿದರು. "ಎಂಥದ್ದು? ನಿಲ್ಲೋದೋ, ಬೀಳೋದೋ?"

"ನಮಗೆ ನಿಲ್ಲೋದು ಕೊಡಿ" ಎಂದರು ದಕ್ಷಿಣಾಮೂರ್ತಿ, ಮೀಸೆ ಅಲುಗಿಸದೆ. "ಬೀಳೋದು ಉಳಿದಿದ್ದರೆ ಮುಂದಿನ ವರ್ಷ ಎದುರು ಪಾರ್ಟಿಗೆ ಹಂಚೋಣ."

ಆ ಬೇಸಿಗೆಯಲ್ಲಿ ವೆಂಕಟಸುಬ್ಬಯ್ಯ ತಿಪಟೂರಿನಲ್ಲಿದ್ದ ಅಣ್ಣ ಸೂರ್ಯನಾರಾಯಣರಿಗೂ ಒಂದು ಪ್ಯಾಂಟು ಪಾರ್ಸಲ್ ಮಾಡಿದರು. ತಲುಪಿದ ಸಂಜೆ ಫೋನು ಬಂತು.

"ಸುಬ್ಬಾ, ಹಾಕ್ಕೊಂಡಿದೀನಿ ಕಣೋ. ಸೊಂಟಕ್ಕೆ ಬಲು ಸುಖವಾಗಿದೆ. ಆದರೆ ಮುಂದುಗಡೆ ಒಂದು ಚೀಲದ ಹಾಗೆ ದೊಗಳೆ ಬಿಟ್ಟಿದೀಯಲ್ಲ, ಅದು ಕನ್ನಡಕ ಇಡೋದಕ್ಕಾ?"

"ಅಣ್ಣಾ, ನೀನು ಹಿಂದುಮುಂದಾಗಿ ಹಾಕ್ಕೊಂಡಿದೀಯ. ಅದು ಕೂತ್ಕೊಳೋಕೆ ಬಿಟ್ಟಿರೋ ಜಾಗ."

ಆ ಕಡೆ ಅಣ್ಣ ಹಿಂದೆ ಮುಂದೆ ತಡವಿಕೊಳ್ಳುವ ಸದ್ದು ಕೇಳಿತು.

"ಇರಲಿ ಬಿಡೋ" ಎಂದರು ಅಣ್ಣ ಕೊನೆಗೆ. "ಕನ್ನಡಕ ಇಟ್ಟಾಗಿದೆ. ಕೂತ್ಕೊಳೋದು ಹೇಗೋ ಮಾಡ್ತೀನಿ."